ಬಾಯ್ಲರ್ ಮೇಲಿನ ಪೈಪೂ ಬಾಯ್ಲರೇ

12 ಅಕ್ಟೋಬರ್ 2024, ಶನಿವಾರ, ವಿಜಯದಶಮಿ
ನ್ಯೂಜರ್ಸಿ

ಆಯುಧಪೂಜೆ ಮುಗಿಯಿತು. ಇನ್ನೇನು ರಾತ್ರಿಯ ಚಳಿ ಏರಿ ಇಲ್ಲಿನ ಹಳೆಯ ಮನೆಗಳ ಬಾಯ್ಲರ್‌ಗಳು ಒಂದೊಂದಾಗಿ ಹೊತ್ತಿಕೊಳ್ಳುತ್ತವೆ. ಬೇಸ್‌ಮೆಂಟಿಗಿಳಿದು ಬಾಯ್ಲರ್‌ಗೂ ಒಂದು ಹೂವಿಟ್ಟವರು ಒಂದು ಟಾರ್ಚು, ಒಂದು ಅಳತೆ ಟೇಪು ಹಿಡಿದು ಇನ್ನೊಮ್ಮೆ ಇಳಿಯಿರಿ. ನೋಡಬೇಕಾದದ್ದು ಬಾಯ್ಲರನ್ನಲ್ಲ, ಅದರ ನೆತ್ತಿಯಿಂದ ಹೊರಟ ಮೊದಲ ಐದಾರು ಅಡಿ ಪೈಪನ್ನು.

ನ್ಯೂಜರ್ಸಿ, ನ್ಯೂಯಾರ್ಕ್, ಬಾಸ್ಟನ್, ಫಿಲಡೆಲ್ಫಿಯಾ ಕಡೆ ನೂರು ವರ್ಷ ದಾಟಿದ ಮನೆ ಕೊಂಡವರಿಗೆ ಹಬೆಯಿಂದ ಮನೆ ಬೆಚ್ಚಗಿಡುವ ಈ ವ್ಯವಸ್ಥೆ ಗೊತ್ತು. ಎರಕದ ಕಬ್ಬಿಣದ ರೇಡಿಯೇಟರ್, ಒಂದು ತುದಿಯಲ್ಲಿ ವಾಲ್ವ್, ಇನ್ನೊಂದು ತುದಿಯಲ್ಲಿ ಬುಸ್ಸೆಂದು ಗಾಳಿ ಹೊರಬಿಡುವ ಪುಟ್ಟ ಏರ್ ವೆಂಟ್. ಒಂದೇ ಪೈಪಿನಲ್ಲಿ ಹಬೆ ಮೇಲೆ ಹೋಗುತ್ತದೆ, ತಣಿದ ನೀರು ಅದೇ ಪೈಪಿನಲ್ಲಿ ಕೆಳಗೆ ಬರುತ್ತದೆ. ಪಂಪಿಲ್ಲ, ಮೋಟಾರಿಲ್ಲ. ಹಬೆ ಒಣದಾಗಿದ್ದರೆ ಸದ್ದಿಲ್ಲದೆ ಮನೆಯೆಲ್ಲ ಬೆಚ್ಚಗಿರುತ್ತದೆ.

ಒಣಹಬೆಯೆಂದರೇನು ಎಂಬುದನ್ನು ನಮ್ಮವರಿಗೆ ಬಿಡಿಸಿ ಹೇಳಬೇಕಿಲ್ಲ. ಇಡ್ಲಿ ಪಾತ್ರೆಗೆ ಹದವಾಗಿ ನೀರು ಹಾಕಿದರೆ ಇಡ್ಲಿ ಮಲ್ಲಿಗೆಯಂತೆ ಅರಳುತ್ತದೆ. ನೀರು ಹೆಚ್ಚಾಗಿ, ಉರಿಯೂ ಜೋರಾದರೆ ಕುದಿನೀರು ಚಿಮ್ಮಿ ಕೆಳಗಿನ ತಟ್ಟೆಯ ಇಡ್ಲಿಯೆಲ್ಲ ಒದ್ದೆ ಮುದ್ದೆ. ಬಾಯ್ಲರಿನಲ್ಲಿ ನಡೆಯುವುದೂ ಇದೇ. ಹಬೆಯ ಜೊತೆ ನೀರಿನ ಹನಿಗಳು ಪೈಪಿಗೆ ಹಾರಿದರೆ, ಅವು ರೇಡಿಯೇಟರ್ ಮುಟ್ಟಬೇಕಾದ ಶಾಖವನ್ನು ದಾರಿಯಲ್ಲೇ ಕಸಿದು ಹಬೆಯನ್ನು ನೀರಾಗಿಸುತ್ತವೆ. ಕೊನೆಯ ಕೋಣೆ ತಣ್ಣಗೇ ಉಳಿಯುತ್ತದೆ. ಪೈಪಿನ ತಗ್ಗಿನಲ್ಲಿ ನಿಂತ ನೀರನ್ನು ಹಬೆ ದೂಡಿಕೊಂಡು ಹೋಗಿ ಎಲ್ಬೋಗೆ, ಅಂದರೆ ಮೊಣಕೈಯಂತೆ ಬಾಗಿದ ತಿರುವಿಗೆ, ಅಪ್ಪಳಿಸುತ್ತದೆ. ನಡುರಾತ್ರಿ ಕೇಳುವ ಢಣ್ ಢಣ್ ಸದ್ದು ಅದೇ. ಇತ್ತ ಬಾಯ್ಲರಿನಲ್ಲಿ ನೀರು ಇಳಿದದ್ದರಿಂದ ಆಟೋಮ್ಯಾಟಿಕ್ ಫೀಡರ್ ಹೊಸ ನೀರು ಬಿಡುತ್ತದೆ. ಸ್ವಲ್ಪ ಹೊತ್ತಿಗೆ ಹೋದ ನೀರೂ ಮರಳಿ ಬಾಯ್ಲರ್ ತುಂಬಿಬಿಡುತ್ತದೆ. ಹೊಸ ನೀರೆಂದರೆ ಹೊಸ ಆಮ್ಲಜನಕ. ಅದು ಎರಕದ ಕಬ್ಬಿಣವನ್ನು ನೀರಿನ ಮಟ್ಟದ ಗೆರೆಯಲ್ಲೇ ಕೊರೆಯುತ್ತದೆ.

ಇಷ್ಟೆಲ್ಲ ಆದಾಗ ಸಾಮಾನ್ಯವಾಗಿ ರೇಡಿಯೇಟರಿನ ವೆಂಟ್ ಬದಲಿಸುತ್ತಾರೆ, ಥರ್ಮೋಸ್ಟಾಟ್ ಬದಲಿಸುತ್ತಾರೆ, ಒತ್ತಡ ಏರಿಸುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ.

ಕಲ್ಲಿದ್ದಲ ಕಾಲದ ಬಾಯ್ಲರ್‌ಗಳು ದೈತ್ಯ ಗಾತ್ರದವು. ನೀರಿನ ಮೇಲೆ ಹಬೆಗೆ ವಿಶಾಲ ಜಾಗವಿತ್ತು, ಹನಿಗಳು ಅಲ್ಲೇ ಕೆಳಗಿಳಿಯುತ್ತಿದ್ದವು. ಇಂದಿನ ಬಾಯ್ಲರಿನಲ್ಲಿ ನೀರು ಕಡಿಮೆ, ಹಬೆಯ ಜಾಗ ಕಿರಿದು, ಹೊರದಾರಿ ಇಕ್ಕಟ್ಟು. ಹನಿ ಬೇರ್ಪಡಿಸುವ ಕೆಲಸವನ್ನು ತಯಾರಕರು ಹೊರಗಿನ ಪೈಪಿಗೆ ಒಪ್ಪಿಸಿದ್ದಾರೆ. ಅದಕ್ಕೇ ಬಾಯ್ಲರ್ ಜೊತೆ ಬರುವ ಕೈಪಿಡಿಯಲ್ಲಿ ಪೈಪಿನ ಚಿತ್ರವಿರುತ್ತದೆ. ಅದು ಸಲಹೆಯಲ್ಲ, ಯಂತ್ರದ ಉಳಿದ ಅರ್ಧ ಭಾಗ. ಅದರಲ್ಲಿರುವ ಅಳತೆಗಳು ಕನಿಷ್ಠ ಅಳತೆಗಳು.

ಲೆಕ್ಕ ಹಾಕಿದರೆ ಇದರ ತೂಕ ಅರ್ಥವಾಗುತ್ತದೆ. ರೇಡಿಯೇಟರ್‌ಗಳ ಶಾಖ ಸೂಸುವ ಮೈ ಒಟ್ಟು 400 ಚದರಡಿ ಎಂದಿಟ್ಟುಕೊಳ್ಳಿ. ಒಂದು ಚದರಡಿಗೆ ಗಂಟೆಗೆ 240 ಬಿಟಿಯು (ಶಾಖದ ಅಳತೆ), ಅಂದರೆ 96,000. ಪೈಪುಗಳನ್ನೂ ಕಾಯಿಸಬೇಕಾದ್ದರಿಂದ ಅದರ 1.33 ಪಟ್ಟು, ಸುಮಾರು 1,28,000 ಬಿಟಿಯು. ಒಂದು ಪೌಂಡ್ ನೀರು ಹಬೆಯಾಗಲು 970 ಬಿಟಿಯು ಬೇಕು. ಹಾಗಾಗಿ ಗಂಟೆಗೆ ಸುಮಾರು 132 ಪೌಂಡ್ ಹಬೆ. ನೀರು ಹಬೆಯಾದರೆ ಸುಮಾರು 1,700 ಪಟ್ಟು ಹಿಗ್ಗುತ್ತದೆ. ಆ ಬಾಯ್ಲರಿನ ಬಾಯಿಂದ ಸೆಕೆಂಡಿಗೆ ಹತ್ತಿರತ್ತಿರ ಒಂದು ಘನ ಅಡಿ ಹಬೆ ಹೊರಬೀಳುತ್ತದೆ.

ಅಷ್ಟು ಹಬೆಯನ್ನು 2 ಇಂಚಿನ ಒಂದೇ ರೈಸರ್‌ನಲ್ಲಿ (ಬಾಯ್ಲರಿನಿಂದ ಮೇಲೇಳುವ ಪೈಪ್) ಕಳಿಸಿದರೆ ವೇಗ ಸೆಕೆಂಡಿಗೆ 42 ಅಡಿ. 2 ಇಂಚಿನವೇ ಎರಡು ರೈಸರ್ ಇಟ್ಟರೆ 21 ಅಡಿ. ರೈಸರ್‌ಗಳು ಹೋಗಿ ಸೇರುವ ಹೆಡರ್ ಎಂಬ ಪೈಪ್ 3 ಇಂಚಿನದಾದರೆ ಅದರಲ್ಲಿ 19ರ ಸುಮಾರು, 4 ಇಂಚಿನದರಲ್ಲಿ 11. ಹೆಡರ್‌ನಲ್ಲಿ 15 ಅಡಿಯ ಆಸುಪಾಸು ಇದ್ದರೆ ಹನಿಗಳು ತಾವಾಗಿ ಕೆಳಗೆ ಬೀಳುತ್ತವೆ. ಈಗ ಕೈಗೆ ಸಿಕ್ಕಿದ ಒಂದೂಕಾಲು ಇಂಚಿನ ತಾಮ್ರದ ಪೈಪ್ ಹಾಕಿ ಮುಗಿಸಿದ ಕೆಲಸವನ್ನು ನೋಡಿ: ವೇಗ 110 ಅಡಿಗೂ ಹೆಚ್ಚು. ಆ ಬಿರುಗಾಳಿಗೆ ಸಿಕ್ಕ ನೀರು ಕೆಳಗಿಳಿಯುವ ಮಾತೇ ಇಲ್ಲ.

ಸರಿಯಾದ ಜೋಡಣೆಯ ಕ್ರಮ ಹೀಗೆ. ಬಾಯ್ಲರಿನಿಂದ ರೈಸರ್‌ಗಳು ನೇರ ಮೇಲೇಳಬೇಕು. ಅವು ಸೇರುವ ಅಡ್ಡ ಪೈಪೇ ಹೆಡರ್. ಅದು ಸೈಟ್ ಗ್ಲಾಸಿನ (ಬಾಯ್ಲರಿನ ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆ) ನೀರಿನ ಮಟ್ಟದಿಂದ ಕನಿಷ್ಠ 24 ಇಂಚು ಮೇಲಿರಬೇಕು. ಜಾಗವಿದ್ದರೆ ಇನ್ನೂ ಎತ್ತರ ಒಳ್ಳೆಯದು. ಮೊದಲು ರೈಸರ್‌ಗಳು, ಆಮೇಲೆ ಮನೆಗೆ ಹಬೆ ಒಯ್ಯುವ ಮೇನ್‌ಗಳು, ಕಟ್ಟಕಡೆಗೆ ಈಕ್ವಲೈಸರ್ ಎಂಬ ಇಳಿಪೈಪ್. ಹಬೆ ಒಂದೇ ದಿಕ್ಕಿಗೆ ಹರಿದು ಮೇನ್‌ಗೆ ತಿರುಗುವಾಗ, ತೂಕದ ನೀರು ತಿರುಗಲಾರದೆ ನೇರ ಹೋಗಿ ಈಕ್ವಲೈಸರ್‌ಗೆ ಬಿದ್ದು ಬಾಯ್ಲರಿನ ತಳ ಸೇರುತ್ತದೆ. ಹೆಡರ್ ಸಮತಟ್ಟಾಗಿರಲಿ ಅಥವಾ ಈಕ್ವಲೈಸರ್ ಕಡೆಗೆ ತುಸು ಇಳಿಜಾರಿರಲಿ. ಅದರ ಗಾತ್ರ ಕೊನೆಯವರೆಗೂ ಒಂದೇ ಇರಬೇಕು. ಕಿರಿದಾಗಿಸುವುದಿದ್ದರೆ ಪೈಪ್ ಕೆಳಮುಖವಾದ ಮೇಲೆ. ಅಡ್ಡ ಪೈಪಿನಲ್ಲಿ ರೆಡ್ಯೂಸರ್ ಹಾಕಿದರೆ ಅದರ ಹಿಂದೆ ನೀರು ಕಟ್ಟೆಯಾಗಿ ನಿಲ್ಲುತ್ತದೆ.

ಎಲ್ಲಕ್ಕಿಂತ ಹೆಚ್ಚು ಕಾಣುವ ತಪ್ಪು, ಎರಡು ರೈಸರ್‌ಗಳ ನಡುವೆಯೇ ಮೇನ್ ತೆಗೆಯುವುದು. ನೋಡಲು ಅಂದವಾಗಿ, ಎರಡೂ ಕಡೆ ಸಮವಾಗಿ ಕಾಣುತ್ತದೆ. ಆದರೆ ಎಡದಿಂದ ಬಂದ ಹಬೆ, ಬಲದಿಂದ ಬಂದ ಹಬೆ ಅಲ್ಲಿ ಮುಖಾಮುಖಿ ಡಿಕ್ಕಿ ಹೊಡೆದು, ನೀರನ್ನೂ ಎತ್ತಿಕೊಂಡು ಮೇನ್‌ಗೇ ನುಗ್ಗುತ್ತವೆ. ಈಕ್ವಲೈಸರ್ ಇದ್ದೂ ಇಲ್ಲದಂತೆ. ಇದರ ಅಣ್ಣತಮ್ಮನೇ ಇನ್ನೊಂದು: ಹೆಡರ್‌ನಿಂದ ಒಂದೇ ಪೈಪ್ ಮೇಲೆ ತಂದು, T ಆಕಾರದ ಒಂದು ಟೀ ಜೋಡಣೆ ಕೂರಿಸಿ, ಅದರ ಎರಡು ತೋಳುಗಳಿಂದ ಮನೆಯ ಎರಡು ಕಡೆಗೆ ಒಡೆಯುವುದು. ಎರಡು ಮೇನ್ ಇದ್ದರೆ ಹೆಡರ್‌ನಿಂದ ಎರಡು ಪ್ರತ್ಯೇಕ ಪೈಪ್ ಮೇಲೇಳಬೇಕು.

ತಾಮ್ರದ ವಿಷಯದಲ್ಲಿ ನನ್ನದು ಖಡಾಖಂಡಿತ ಮಾತು: ನೀರಿನ ಮಟ್ಟಕ್ಕಿಂತ ಮೇಲೆ ಅದು ಬೇಡ. ಕಬ್ಬಿಣಕ್ಕಿಂತ ತಾಮ್ರ ಸುಮಾರು ಒಂದೂವರೆ ಪಟ್ಟು ಹಿಗ್ಗುತ್ತದೆ. ದಿನಕ್ಕೆ ಹಲವು ಸಲ ಹಿಗ್ಗಿ ಕುಗ್ಗಿ ಬೆಸುಗೆ ಬಿಡುತ್ತದೆ. ಬೆಸೆದ ಪೈಪು ಬಿಗಿಯಾಗಿದ್ದು ಆ ಒತ್ತಡ ಬಾಯ್ಲರಿನ ಎರಕದ ವಿಭಾಗಗಳನ್ನೇ ಎಳೆದಾಡುತ್ತದೆ, ಸಂದುಗಳು ಸೋರುತ್ತವೆ. ಕಪ್ಪು ಕಬ್ಬಿಣದ ಪೈಪಿನಲ್ಲಿ ರೈಸರ್ ಮತ್ತು ಹೆಡರ್ ನಡುವೆ ಎರಡು ಎಲ್ಬೋ ಕೂರಿಸಿ ಸ್ವಿಂಗ್ ಜಾಯಿಂಟ್ ಮಾಡುತ್ತಾರೆ. ಪೈಪು ಹಿಗ್ಗಿದಾಗ ಥ್ರೆಡ್ ಒಂದಿಷ್ಟು ತಿರುಗಿ ಒತ್ತಡವನ್ನು ನುಂಗಿಕೊಳ್ಳುತ್ತದೆ. ಥ್ರೆಡ್ ಕೊರೆಯುವ ಕಬ್ಬಿಣದ ಕೆಲಸಕ್ಕೆ ಮೈಮುರಿಯಬೇಕು, ಹೊತ್ತೂ ಹಿಡಿಯುತ್ತದೆ. ತಾಮ್ರ ಬರುವುದು ಈ ಕಾರಣಕ್ಕೆ, ಬೇರೇನಿಲ್ಲ.

ಇನ್ನು ಕೆಳಗಡೆ ಹಾರ್ಟ್‌ಫರ್ಡ್ ಲೂಪ್. ಕನೆಕ್ಟಿಕಟ್‌ನಲ್ಲಿ 1866ರಲ್ಲಿ ಹುಟ್ಟಿದ ಹಾರ್ಟ್‌ಫರ್ಡ್ ಸ್ಟೀಮ್ ಬಾಯ್ಲರ್ ಇನ್ಸ್‌ಪೆಕ್ಷನ್ ಅಂಡ್ ಇನ್ಶೂರೆನ್ಸ್ ಕಂಪನಿ 1919ರಲ್ಲಿ ಬಳಕೆಗೆ ತಂದ ಜೋಡಣೆ ಇದು. ಮನೆಯಿಂದ ಮರಳುವ ನೀರಿನ ಪೈಪ್ ಬಾಯ್ಲರಿನ ತಳಕ್ಕೆ ನೇರ ಸೇರದೆ ಮೇಲೆದ್ದು, ನೀರಿನ ಮಟ್ಟಕ್ಕಿಂತ 2ರಿಂದ 4 ಇಂಚು ಕೆಳಗೆ ಈಕ್ವಲೈಸರ್‌ಗೆ ಸೇರುತ್ತದೆ. ನೆಲದಲ್ಲಿ ಹೂತ ರಿಟರ್ನ್ ಪೈಪ್ ತುಕ್ಕು ಹಿಡಿದು ಒಡೆದರೂ ಬಾಯ್ಲರ್ ಪೂರ್ತಿ ಬರಿದಾಗುವುದಿಲ್ಲ. ಹಾಗೆಂದು ನೀರು ಕಡಿಮೆಯಾದಾಗ ಉರಿ ನಿಲ್ಲಿಸುವ ಲೋ ವಾಟರ್ ಕಟ್ಆಫ್‌ಗೆ ಇದು ಬದಲಿಯಲ್ಲ; ಉಳಿದ ನೀರು ಕುದಿದು ಆವಿಯಾಗಿ ಹೋಗಬಹುದಲ್ಲ. ರಿಟರ್ನ್ ಈಕ್ವಲೈಸರ್‌ಗೆ ಕೂಡುವ ಜಾಗದಲ್ಲಿ ಅತಿ ಗಿಡ್ಡ ನಿಪ್ಪಲ್ (ಎರಡೂ ತುದಿಗೆ ಥ್ರೆಡ್ ಇರುವ ತುಂಡು ಪೈಪ್) ಬಳಸಬೇಕು. ಉದ್ದನೆಯದು ಹಾಕಿದರೆ ಅದರೊಳಗೆ ಹಬೆ, ನೀರು ಸೇರಿ ಹೊಡೆಯುತ್ತವೆ. ಬಾಯ್ಲರ್ ಬುಡದಲ್ಲೇ ಸದ್ದು ಕೇಳಿದರೆ ಮೊದಲು ಇಲ್ಲಿ ನೋಡಿ.

ಟೇಪಿಗೆ ಇನ್ನೆರಡು ಕೆಲಸ. ನೀರಿನ ಮಟ್ಟದಿಂದ ಅತ್ಯಂತ ಕೆಳಗಿರುವ ಮೇನ್‌ನ ತುದಿಯವರೆಗೆ ಒಂಟಿಪೈಪ್ ವ್ಯವಸ್ಥೆಯಲ್ಲಿ 28 ಇಂಚಾದರೂ ಬೇಕು. ಮೇನ್‌ನ ತುದಿ ಮುಟ್ಟುವಷ್ಟರಲ್ಲಿ ಹಬೆಯ ಒತ್ತಡ ಬಾಯ್ಲರಿನ ಒತ್ತಡಕ್ಕಿಂತ ಕುಗ್ಗಿರುತ್ತದೆ; ಮರಳುವ ನೀರು ಒಳಹೋಗಲು ಆ ಕೊರತೆಯನ್ನು ನೀರಿನ ಕಂಬವೇ ತುಂಬಬೇಕು. ಒಂದು ಪಿಎಸ್‌ಐ (ಚದರ ಇಂಚಿಗೆ ಒಂದು ಪೌಂಡ್ ಒತ್ತಡ) ಎಂದರೆ ಹೆಚ್ಚುಕಡಿಮೆ 28 ಇಂಚು ನೀರು. ಎರಡನೆಯದು ಬಾಯ್ಲರ್ ಬದಲಿಸುವವರಿಗೆ: ಹಳೆಯದನ್ನು ಕೀಳುವ ಮುನ್ನ ಅದರ ನೀರಿನ ಮಟ್ಟವನ್ನು ಗೋಡೆಯ ಮೇಲೆ ಗೆರೆ ಎಳೆದು ಗುರುತಿಸಿ. ಹೊಸದರ ಮಟ್ಟ ತಗ್ಗಿದ್ದರೆ, ಈವರೆಗೆ ನೀರಿನಲ್ಲಿ ಮುಳುಗಿದ್ದ ರಿಟರ್ನ್ ಸಂದುಗಳು ಹೊರಬಂದು, ಒಂದು ಮೇನ್‌ನ ಹಬೆ ಇನ್ನೊಂದರ ಬಾಲಕ್ಕೆ ನುಗ್ಗುತ್ತದೆ. ಆಗ ಆ ಸಂದುಗಳನ್ನು ಇನ್ನಷ್ಟು ಕೆಳಗಿಳಿಸಬೇಕು, ಇಲ್ಲವೇ ಬಾಯ್ಲರನ್ನು ಇಟ್ಟಿಗೆಯ ಮೇಲೆ ಎತ್ತರಿಸಬೇಕು.

ಪೈಪೆಲ್ಲ ಸರಿಯಿದ್ದೂ ಗಾಜಿನಲ್ಲಿ ನೀರು ಕುಣಿಯುತ್ತಿದ್ದರೆ ಸಾಮಾನ್ಯವಾಗಿ ಎಣ್ಣೆಯೇ ಕಾರಣ. ಥ್ರೆಡ್ ಕೊರೆದ ಎಣ್ಣೆ, ಕಾರ್ಖಾನೆಯ ಎಣ್ಣೆ ನೀರಿನ ಮೇಲೆ ಪೊರೆ ಕಟ್ಟುತ್ತದೆ. ಕುಕ್ಕರಿನಲ್ಲಿ ಅಕ್ಕಿಯ ಗಂಜಿ ನೊರೆಯೆದ್ದು ಉಕ್ಕುವಂತೆ ಬಾಯ್ಲರೂ ಉಕ್ಕುತ್ತದೆ. ಅರ್ಧ ಇಂಚು ಏರಿಳಿದರೆ ಅಡ್ಡಿಯಿಲ್ಲ. ಎರಡು ಇಂಚು ಹಾರುವುದು, ನೀರೇ ಮಾಯವಾಗುವುದು, ಗಾಜಿನ ಮೇಲ್ಭಾಗದೊಳಗೆ ನೀರು ಸದಾ ಇಳಿಯುತ್ತಿರುವುದು ಕೆಟ್ಟ ಲಕ್ಷಣ. ಮದ್ದು ಸ್ಕಿಮ್ಮಿಂಗ್, ಅಂದರೆ ಆ ಪೊರೆಯನ್ನು ಮೇಲಿನಿಂದಲೇ ಹರಿಸಿ ತೆಗೆಯುವುದು. ಬಾಯ್ಲರಿನ ಪಕ್ಕದಲ್ಲಿ, ನೀರಿನ ಮಟ್ಟಕ್ಕಿಂತ ತುಸು ಮೇಲೆ ಇದಕ್ಕೆಂದೇ ಒಂದು ರಂಧ್ರವಿರುತ್ತದೆ. ನೀರನ್ನು ಬಿಸಿ ಮಾಡಿ, ಕುದಿಯಲು ಬಿಡದೆ, ಹೊಸ ನೀರು ಬಿಡುವ ವಾಲ್ವನ್ನು ತೀರಾ ನಿಧಾನವಾಗಿ ತೆರೆದು ಆ ರಂಧ್ರದಿಂದ ಪೆನ್ಸಿಲ್ ದಪ್ಪದ ಧಾರೆ ಹರಿಸಬೇಕು. ಜೋರು ಬಿಟ್ಟರೆ ಪೊರೆ ಒಡೆದು ನೀರಿನಲ್ಲಿ ಕಲೆತುಹೋಗುತ್ತದೆ. ಎರಡು ಗಂಟೆಯಾದರೂ ಬೇಕು, ಒಂದೆರಡು ವಾರ ಬಿಟ್ಟು ಮತ್ತೊಮ್ಮೆ ಮಾಡಬೇಕು. ಮುಗಿದ ಮೇಲೆ ಒಮ್ಮೆ ನೀರನ್ನು ಕುದಿಸಿ, ಸೇರಿದ ಆಮ್ಲಜನಕವನ್ನು ಹೊರಹಾಕಿ.

ಒತ್ತಡ ಹೆಚ್ಚಿಸಿದರೆ ಹಬೆ ಬೇಗ ಹೋಗುತ್ತದೆ ಎಂಬುದು ತಪ್ಪು ಲೆಕ್ಕ. ಪ್ರೆಶರ್ ಕಂಟ್ರೋಲ್ ಉರಿಯನ್ನು ಅರ್ಧ ಪಿಎಸ್‌ಐಗೆ ಶುರುಮಾಡಿ ಒಂದೂವರೆಗೆ ನಿಲ್ಲಿಸಿದರೆ ಮನೆಗೆ ಧಾರಾಳ. ಜೊತೆಗಿರುವ 30 ಪಿಎಸ್‌ಐ ಗೇಜಿನಲ್ಲಿ ಇಷ್ಟು ಚಿಕ್ಕ ಒತ್ತಡ ಓದಲಾಗದು. ಅದನ್ನು ತೆಗೆಯದೆ, ಪಕ್ಕದಲ್ಲಿ 0ರಿಂದ 3 ಪಿಎಸ್‌ಐನ ಇನ್ನೊಂದನ್ನು ಹಾಕಿಸಿ. ಕಂಟ್ರೋಲಿನ ಕೆಳಗಿನ ಸುರುಳಿ ಪೈಪು ಕೆಸರು ಕಟ್ಟಿದ್ದರೆ ಅದಕ್ಕೆ ಒತ್ತಡವೇ ತಿಳಿಯುವುದಿಲ್ಲ. ವರ್ಷಕ್ಕೊಮ್ಮೆ ಬಿಚ್ಚಿ ತೊಳೆಯಬೇಕು.

ಹೊಸ ಬಾಯ್ಲರಿನ ಗಾತ್ರವನ್ನು ಹಳೆಯದರ ಫಲಕ ನೋಡಿ ನಿರ್ಧರಿಸುವವರಿಗೆ ಕೆಲಸ ಕೊಡಬೇಡಿ. ಮನೆಯ ರೇಡಿಯೇಟರ್‌ಗಳನ್ನು ಒಂದೊಂದಾಗಿ ಎಣಿಸಬೇಕು. ಮೂರು ಕಂಬದ 38 ಇಂಚು ಎತ್ತರದ ರೇಡಿಯೇಟರ್‌ಗೆ ಒಂದು ಸೆಕ್ಷನ್‌ಗೆ 5 ಚದರಡಿ, ಹತ್ತು ಸೆಕ್ಷನ್ ಇದ್ದರೆ 50. ಹೀಗೆ ಕೂಡಿದ ಮೊತ್ತ ಹೊಸ ಬಾಯ್ಲರಿನ ಫಲಕದ ಸ್ಟೀಮ್ ರೇಟಿಂಗಿಗೆ ಹೊಂದಬೇಕು. ಮೂಗಿಗಿಂತ ಮೂಗುತಿ ಭಾರವಾದರೆ ಬಾಯ್ಲರ್ ಹೊತ್ತುವುದು ಆರುವುದು ಮಾಡುತ್ತ ಗ್ಯಾಸ್ ತಿನ್ನುತ್ತದೆ. ಲೈಸೆನ್ಸ್ ಇರುವ ಪ್ಲಂಬರ್ ಕೊಡುವ ಒಪ್ಪಂದದಲ್ಲಿ ಇಷ್ಟು ಬರೆಸಿಕೊಳ್ಳಿ: ತಯಾರಕರ ಚಿತ್ರದಂತೆ ಪೈಪಿಂಗ್, ನೀರಿನ ಮಟ್ಟದ ಮೇಲೆ ಪೂರ್ತಿ ಕಪ್ಪು ಕಬ್ಬಿಣ, ಹೆಡರ್‌ನ ಗಾತ್ರ ಮತ್ತು ಎತ್ತರ ಇಂಚಿನಲ್ಲಿ, ಎರಡು ಬಾರಿ ಸ್ಕಿಮ್ಮಿಂಗ್, ಪೈಪಿಗೆ 1 ಇಂಚಿನ ಫೈಬರ್‌ಗ್ಲಾಸ್ ಹೊದಿಕೆ. ಹಳೆಯ ಪೈಪಿನ ಮೇಲೆ ಬಿಳಿಯ, ಸುಣ್ಣದಂಥ ಹೊದಿಕೆಯಿದ್ದರೆ ಅದು ಆಸ್ಬೆಸ್ಟಾಸ್ ಇರಬಹುದು. ಪರೀಕ್ಷೆ ಮಾಡಿಸುವವರೆಗೆ ಅದನ್ನು ಯಾರೂ ಕೆರೆಯದಂತೆ ನೋಡಿಕೊಳ್ಳಿ.