ಐಹೊಳೆ, ಪಟ್ಟದಕಲ್ಲು, ಬಾದಾಮಿ: ಒಂದೇ ದಿನಕ್ಕೆ ಮುಗಿಸುವುದಾದರೆ ದೂರದ್ದು ಮೊದಲು

ಬಾದಾಮಿಯಲ್ಲಿ ರೂಮು ಮಾಡಿದವರು ಬೆಳಿಗ್ಗೆ ತಿಂಡಿ ಮುಗಿಸಿ, ಇಲ್ಲೇ ಇದೆಯಲ್ಲ ಅಂತ ಮೊದಲು ಗುಹೆಗಳಿಗೆ ಹೋಗುತ್ತಾರೆ. ಆಮೇಲೆ ಪಟ್ಟದಕಲ್ಲು, ಕೊನೆಗೆ ಐಹೊಳೆ. ಹಾಗೆ ಹೋದವರು ಐಹೊಳೆ ಮುಟ್ಟುವ ಹೊತ್ತಿಗೆ ಮೂರು ಗಂಟೆ ದಾಟಿ, ಕಾಲು ಸೋತಿರುತ್ತವೆ. ದುರ್ಗ ಗುಡಿಗೆ ಒಂದು ಸುತ್ತು ಹಾಕಿ ಕಾರು ಹತ್ತುತ್ತಾರೆ, ಮೇಗುಟಿ ಗುಡ್ಡಕ್ಕೆ ಕೆಳಗಿನಿಂದಲೇ ನಮಸ್ಕಾರ. ಇದನ್ನು ತಿರುವುಮುರುವು ಮಾಡಿ. ಐಹೊಳೆ ಮೊದಲು, ಬಾದಾಮಿ ಕೊನೆಗೆ.

ಬಾದಾಮಿಯಿಂದ ಐಹೊಳೆ ಸುಮಾರು 35 ಕಿ.ಮೀ. ಪಟ್ಟದಕಲ್ಲು ಅದೇ ದಾರಿಯಲ್ಲಿ, ಬಾದಾಮಿಯಿಂದ 22 ಕಿ.ಮೀ. ಹೋಗಿ ಬಂದರೂ 70 ಕಿ.ಮೀ. ಚಿಲ್ಲರೆ. ಲೆಕ್ಕಕ್ಕೆ ಸಣ್ಣದು, ಆದರೆ ರಸ್ತೆ ಹೊಲಗಳ ನಡುವಿನದು. ಸುಗ್ಗಿಯಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡ ಕಬ್ಬಿನ ಟ್ರ್ಯಾಕ್ಟರ್ ಮುಂದೆ ಸಿಕ್ಕರೆ ಓವರ್‌ಟೇಕ್ ಮಾಡಲು ಜಾಗ ಇರುವುದಿಲ್ಲ. ಒಕ್ಕಣೆಗೆ ರಸ್ತೆಯ ಮೇಲೆ ಹರಡಿದ ಕಾಳು-ಸೊಪ್ಪೆ, ಕುರಿಹಿಂಡು, ಇವೂ ಸಿಗುತ್ತವೆ. ಹರಡಿದ ಬೆಳೆಯ ಮೇಲೆ ಬ್ರೇಕ್ ಒತ್ತಿದರೆ ಬೈಕು ಜಾರುತ್ತದೆ. ಐಹೊಳೆಗೆ ಒಂದು ಗಂಟೆ ಅಂತ ಹಿಡಿಯಿರಿ, ಬೆಳಿಗ್ಗೆ ಆರೂವರೆಗೇ ಹೊರಡಿ.

ಗೈಡನ್ನು ಹಿಂದಿನ ದಿನವೇ ಗೊತ್ತು ಮಾಡಿಕೊಳ್ಳಿ. ಗುರುತಿನ ಚೀಟಿ ಇದ್ದವರನ್ನೇ ಕೇಳಿ. ಮೂರೂ ಜಾಗಕ್ಕೆ ಒಬ್ಬರೇ ಬರುತ್ತಾರಾ, ಹಣ ಇಡೀ ದಿನಕ್ಕಾ ಅಥವಾ ಜಾಗಕ್ಕಿಷ್ಟು ಅಂತಲಾ, ಊಟ ಯಾರದ್ದು, ಈ ಮೂರನ್ನು ಬಾಯಿಬಿಟ್ಟು ಮಾತಾಡಿಕೊಳ್ಳದಿದ್ದರೆ ಸಂಜೆ ಮುಖ ಮುಖ ನೋಡಿಕೊಳ್ಳಬೇಕಾಗುತ್ತದೆ. ಎಲ್ಲರೂ ಮರೆಯುವುದು ಗೈಡ್ ಕೂರುವ ಸೀಟು. ನಾಲ್ಕು ಜನ, ಡ್ರೈವರ್ ಒಬ್ಬರು, ಅಲ್ಲಿಗೆ ಕಾರು ತುಂಬಿತು. ನಾಲ್ವರಿದ್ದರೆ ಏಳು ಸೀಟಿನ ಗಾಡಿಯನ್ನೇ ಮಾಡಿ.

ಇನ್ನೊಂದು ಮಾತನ್ನೂ ಗೈಡ್‌ಗೆ ಮೊದಲೇ ಹೇಳಿಬಿಡಿ: ನಮಗೆ ಕಾಲ ತಿಳಿದಿರುವ ಮೂರು ಕಟ್ಟಡಗಳನ್ನು ನಿಧಾನವಾಗಿ ತೋರಿಸಿ, ಉಳಿದದ್ದು ಆದಷ್ಟು. ಬಾದಾಮಿಯ ಮೂರನೇ ಗುಹೆ (ಕ್ರಿ.ಶ. 578), ಐಹೊಳೆಯ ಗುಡ್ಡದ ಮೇಲಿನ ಮೇಗುಟಿ ಜೈನ ಗುಡಿ (634), ಪಟ್ಟದಕಲ್ಲಿನ ವಿರೂಪಾಕ್ಷ (ಸುಮಾರು 740). ಐಹೊಳೆಯೊಂದರಲ್ಲೇ ನೂರಕ್ಕೂ ಹೆಚ್ಚು ಗುಡಿಗಳಿವೆ. ಈ ಮೂರು ಗೂಟ ನೆಟ್ಟುಕೊಳ್ಳದೆ ಎಲ್ಲವನ್ನೂ ನೋಡಲು ಹೊರಟರೆ ಮಧ್ಯಾಹ್ನದ ಹೊತ್ತಿಗೆ ಯಾವ ಕಂಬ ಯಾವ ಊರಿನದೆಂದೇ ಗೊತ್ತಾಗುವುದಿಲ್ಲ.

ಐಹೊಳೆಯಲ್ಲಿ ಬಿಸಿಲೇರುವ ಮುಂಚೆ ಮೇಗುಟಿ ಹತ್ತಿ. ಮೆಟ್ಟಿಲಿವೆ, ನಿಧಾನಕ್ಕೆ ಹತ್ತಿದರೂ ಇಪ್ಪತ್ತು ನಿಮಿಷ ಸಾಕು. ಪೂರ್ವದ ಗೋಡೆಯಲ್ಲಿರುವುದು ಕವಿ ರವಿಕೀರ್ತಿಯ ಶಾಸನ: 19 ಸಾಲು, ಭಾಷೆ ಸಂಸ್ಕೃತ, ಲಿಪಿ ಹಳಗನ್ನಡ. ಚಾಲುಕ್ಯ ದೊರೆ ಇಮ್ಮಡಿ ಪುಲಕೇಶಿ ಹರ್ಷನನ್ನು ಸೋಲಿಸಿದ್ದು ಇದರಲ್ಲಿದೆ. ಕವಿ ತಾನು ಕಾಳಿದಾಸ, ಭಾರವಿಯರಿಗೆ ಸಮ ಅಂತ ಹೇಳಿಕೊಂಡದ್ದರಿಂದ ಆ ಇಬ್ಬರೂ 634ಕ್ಕಿಂತ ಈಚಿನವರಲ್ಲ ಎಂಬುದೂ ಖಚಿತವಾಯಿತು. ಜಂಬಕ್ಕೂ ಒಂದು ಉಪಯೋಗ! ಇಳಿದ ಮೇಲೆ ದುರ್ಗ ಗುಡಿಯ ಪ್ರದಕ್ಷಿಣಾ ಪಥದ ಗೂಡುಗಳಲ್ಲಿರುವ ಶಿಲ್ಪಗಳು, ಆಮೇಲೆ ಲಾಡಖಾನ್ ಗುಡಿ. ಅಲ್ಲಿ ಹೊರಗೆ ನಿಂತು ತಲೆಯೆತ್ತಿ ಚಾವಣಿ ನೋಡಿ: ಇಳಿಜಾರಾಗಿ ಹಾಸಿದ ಚಪ್ಪಡಿಗಳ ಸಂದು ಮುಚ್ಚಲು ಉದ್ದುದ್ದ ಕಲ್ಲಿನ ಪಟ್ಟಿ ಕೂರಿಸಿದ್ದಾರೆ, ಮರದ ಕೆಲಸದ ರೂಢಿಯನ್ನು ಕಲ್ಲಿಗೆ ತಂದ ಹಾಗೆ. ಹತ್ತೂಕಾಲಿಗೆ ಐಹೊಳೆ ಬಿಡಿ.

ಪಟ್ಟದಕಲ್ಲಿಗೆ ಎರಡು ಗಂಟೆ ಕೊಡಿ. 1987ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ಜಾಗ, ಹುಲ್ಲುಹಾಸು ಚೆನ್ನಾಗಿದೆ, ನೆರಳು ಕಮ್ಮಿ. ಒಳಗೆ ಹೋದ ಕೂಡಲೇ ಗುಡಿ ಹೊಗಬೇಡಿ. ಮೊದಲು ದೂರ ನಿಂತು ಶಿಖರಗಳನ್ನಷ್ಟೇ ಹೋಲಿಸಿ. ಕಾಡಸಿದ್ಧೇಶ್ವರ, ಜಂಬುಲಿಂಗ, ಗಳಗನಾಥ, ಕಾಶಿವಿಶ್ವನಾಥಗಳ ಶಿಖರ ಬಾಗುತ್ತ ಒಂದೇ ಗೆರೆಯಲ್ಲಿ ಮೇಲೇರುತ್ತದೆ, ಅದು ಉತ್ತರದ ನಾಗರ ಶೈಲಿ. ಸಂಗಮೇಶ್ವರ, ವಿರೂಪಾಕ್ಷ, ಮಲ್ಲಿಕಾರ್ಜುನಗಳದ್ದು ಅಂತಸ್ತು ಅಂತಸ್ತಾಗಿ ಏರುವ ದ್ರಾವಿಡ ಶೈಲಿ. ಎರಡನ್ನೂ ಒಂದೇ ಅಂಗಳದಲ್ಲಿ ಅಕ್ಕಪಕ್ಕ ಇಟ್ಟು ನೋಡುವ ಅವಕಾಶ ಇದು. ಹೆಚ್ಚಿನ ಗೈಡ್‌ಗಳು ಇದನ್ನು ಒಂದೇ ವಾಕ್ಯದಲ್ಲಿ ಮುಗಿಸುತ್ತಾರೆ. ಕೇಳಿ ವಿವರವಾಗಿ ಹೇಳಿಸಿಕೊಳ್ಳಿ.

ವಿರೂಪಾಕ್ಷ ಗುಡಿಯನ್ನು ಕಟ್ಟಿಸಿದವಳು ರಾಣಿ ಲೋಕಮಹಾದೇವಿ, ಗಂಡ ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ ನೆನಪಿಗೆ. ಪೂಜೆ ನಡೆಯುವ ಗುಡಿ, ಚಪ್ಪಲಿ ಹೊರಗೆ. ಹನ್ನೊಂದರ ಮೇಲೆ ಅಲ್ಲಿಯ ಹಾಸುಗಲ್ಲು ಕಾಲು ಸುಡುತ್ತದೆ, ದಪ್ಪ ಕಾಲುಚೀಲ ಇಟ್ಟುಕೊಳ್ಳಿ. ಒಳಗೆ ಕತ್ತಲೆ. ಮೊಬೈಲ್ ಟಾರ್ಚನ್ನು ಕಂಬದ ಎದುರಿಗೆ ಹಿಡಿದರೆ ಉಬ್ಬುಶಿಲ್ಪ ಚಪ್ಪಟೆಯಾಗಿ, ಗೋಡೆಗೆ ಅಂಟಿಸಿದ ಚಿತ್ರದ ಹಾಗೆ ಕಾಣುತ್ತದೆ. ಟಾರ್ಚನ್ನು ಕಂಬದ ಪಕ್ಕಕ್ಕೆ ತಂದು ಬೆಳಕು ಅಡ್ಡ ಬೀಳುವಂತೆ ಹಿಡಿಯಿರಿ. ರಾವಣನ ಮೇಲೆ ಎರಗುವ ಜಟಾಯುವಿನ ಮೈ ಆಗ ಕಲ್ಲಿನಿಂದ ಎದ್ದು ಬರುತ್ತದೆ. ಪೂರ್ವದ ಮುಖಮಂಟಪದ ಚಾವಣಿಯಲ್ಲಿ ಸೂರ್ಯನಿದ್ದಾನೆ. ಕತ್ತು ಎತ್ತದವರಿಗೆ ಕಾಣುವುದಿಲ್ಲ, ಬಹಳ ಜನ ಅವನ ಕೆಳಗೇ ನಿಂತು ನಂದಿಯ ಫೋಟೋ ತೆಗೆಯುತ್ತಾರೆ.

ಮಳೆಗಾಲದಲ್ಲಿ ಹೋಗುವವರು ಮಲಪ್ರಭಾ ನೀರಿನ ಮಟ್ಟ ವಿಚಾರಿಸಿಕೊಂಡು ಹೊರಡಿ. 2019ರ ಆಗಸ್ಟ್‌ನಲ್ಲಿ ಹೊಳೆ ಗುಡಿಗಳ ಅಂಗಳಕ್ಕೇ ಬಂದಿತ್ತು.

ವಾಪಸ್ ಬರುವಾಗ ಮಹಾಕೂಟದ ಗುಡಿಗಳಿಗೆ ಅರ್ಧ ಗಂಟೆ. ಸಮಯ ಜಾರಿದ್ದರೆ ಬಿಡಬಹುದಾದ್ದು ಇದೇ. ಊಟ ಬನಶಂಕರಿಯಲ್ಲಿ, ಬಾದಾಮಿಯಿಂದ ಐದು ಕಿ.ಮೀ. ಗುಡಿಯ ಹತ್ತಿರ ಬುಟ್ಟಿ ಇಟ್ಟುಕೊಂಡು ಕೂತ ಅಕ್ಕಂದಿರ ಜೋಳದ ರೊಟ್ಟಿ, ಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಹೋಟೆಲಿನಲ್ಲಿ ಊಟಕ್ಕೆ ಕಾಯುವುದಕ್ಕಿಂತ ಇದು ಬೇಗ, ರುಚಿಯೂ ಹೆಚ್ಚು. ಜನವರಿಯ ಬನದ ಹುಣ್ಣಿಮೆ ಜಾತ್ರೆ ದಿನಗಳಲ್ಲಿ ಮಾತ್ರ ಈ ಯೋಜನೆ ನಡೆಯದು, ಗಾಡಿ ಮುಂದೆ ಸರಿಯುವುದಿಲ್ಲ.

ಮೂರರ ಸುಮಾರಿಗೆ ಬಾದಾಮಿ ಗುಹೆಗಳು. ಇಲ್ಲಿ ಕಾಟ ಕೊಡುವುದು ಮಂಗಗಳು. ಕೈಯಲ್ಲಿ ಪ್ಲಾಸ್ಟಿಕ್ ಕವರ್ ಕಂಡರೆ ಒಳಗೇನಿದೆ ಎಂದು ನೋಡುವುದಿಲ್ಲ, ಕಿತ್ತುಕೊಳ್ಳುತ್ತವೆ. ನೀರಿನ ಬಾಟಲಿಯೂ ಜಿಪ್ ಹಾಕಿದ ಬ್ಯಾಗಿನೊಳಗಿರಲಿ. ಮೊದಲ ಗುಹೆಯ ಹದಿನೆಂಟು ಕೈಯ ನಟರಾಜ ಬಾಗಿಲಲ್ಲೇ ಇರುವುದರಿಂದ ಅಲ್ಲಿ ಜನ ಮುತ್ತಿಕೊಂಡಿರುತ್ತಾರೆ. ಮುಂದೆ ಹೋಗಿ, ಇಳಿಯುವಾಗ ನೋಡಿ. ಹೆಚ್ಚು ಹೊತ್ತು ಮೂರನೆಯ ಗುಹೆಗೆ: ಆದಿಶೇಷನ ಮೇಲೆ ಮಲಗದೆ ಕೂತಿರುವ ವಿಷ್ಣು, ಶಕ 500 (ಅಂದರೆ ಕ್ರಿ.ಶ. 578) ಎಂದು ಕಾಲ ಹೇಳುವ, ಚಾಲುಕ್ಯ ರಾಜಮನೆತನದ ಮಂಗಳೇಶನ ಶಾಸನ, ಮೇಲೆ ಅಲ್ಲಲ್ಲಿ ಉಳಿದ ಬಣ್ಣದ ಚಿತ್ರದ ಗುರುತು. ನಾಲ್ಕನೆಯದು ಜೈನರದ್ದು, ಸಣ್ಣದು.

ನಾಲ್ಕೂವರೆಗೆ ಇಳಿದು, ಅಗಸ್ತ್ಯ ತೀರ್ಥದ ದಂಡೆ ಹಿಡಿದು ಭೂತನಾಥ ಗುಡಿಗೆ ನಡೆಯಿರಿ. ಪಶ್ಚಿಮಕ್ಕೆ ಮುಖ ಮಾಡಿದ ಗುಡಿ, ಆದ್ದರಿಂದ ಸಂಜೆಯ ಬಿಸಿಲು ನೇರ ಬೀಳುತ್ತದೆ. ಉತ್ತರದ ಕೋಟೆ, ಮೇಲಿನ ಶಿವಾಲಯ, ಮ್ಯೂಸಿಯಂ ಈ ದಿನದಲ್ಲಿ ಹಿಡಿಸುವುದಿಲ್ಲ. ಅವು ಬೇಕೇ ಬೇಕೆಂದರೆ ಇನ್ನೊಂದು ಬೆಳಿಗ್ಗೆ ಇಟ್ಟುಕೊಳ್ಳಿ, ಅದು ಶುಕ್ರವಾರ ಆಗದಿರಲಿ, ಮ್ಯೂಸಿಯಂಗೆ ಅಂದು ರಜೆ. ಅದೇ ರಾತ್ರಿ ರೈಲು ಹಿಡಿಯುವವರು ನೆನಪಿಡಿ, ಸ್ಟೇಷನ್ ಊರಿನಿಂದ ಐದು ಕಿ.ಮೀ. ಆಚೆ ಇದೆ. ಆಟೋದವರಿಗೆ ಮಧ್ಯಾಹ್ನವೇ ಹೇಳಿಡಿ.