ಮೆರೀಬದಲ್ಲಿ ನೀರು ನಿಲ್ಲಲಿಲ್ಲ

ದೇವರು ನಂಬಿಗಸ್ತನೆಂದು ನಮ್ಮ ಸಭೆಗಳಲ್ಲಿ ಪ್ರತಿ ಆರಾಧನೆಯಲ್ಲೂ ಹೇಳುತ್ತೇವೆ. ಆದರೆ ಆತನ ಮಾತನ್ನು ಮೀರಿದವರ ನಡುವೆ ಆ ನಂಬಿಗಸ್ತಿಕೆ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಅರಣ್ಯಕಾಂಡದ 20ನೆಯ ಅಧ್ಯಾಯದಷ್ಟು ನೇರವಾಗಿ ತೋರಿಸುವ ಭಾಗ ಸತ್ಯವೇದದಲ್ಲಿ ವಿರಳವೆಂದು ನನ್ನ ಎಣಿಕೆ.

ಕೋಲಾರದವರಿಗೆ ಆ ಅಧ್ಯಾಯದ ಸಂಕಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆ ನಮ್ಮದು. ಸಾವಿರ ಅಡಿ ದಾಟಿ ಕೊರೆಸಿದರೂ ಬರೀ ಕಲ್ಲಿನ ಪುಡಿ ಬಂದ ಕೊಳವೆಬಾವಿಗಳನ್ನು ಕಂಡವರು ನಾವು. ಐಗುಪ್ತದಿಂದ ಹೊರಟು ಅರಣ್ಯದಲ್ಲಿ ಅಲೆಯುತ್ತಿದ್ದ ಇಸ್ರಾಯೇಲ್ಯರು ಕಾದೇಶಿನಲ್ಲಿ ನೀರಿಲ್ಲದೆ, ತಮ್ಮ ನಾಯಕನಾದ ಮೋಶೆಯ ಮೇಲೂ ಅವನ ಅಣ್ಣ ಆರೋನನ ಮೇಲೂ ತಿರುಗಿಬಿದ್ದರು. ಅಲ್ಲಿ ಹೊರಟ ನೀರಿಗೇ ಮೆರೀಬ ಎಂದು ಹೆಸರಾಯಿತು. ಕೋಲನ್ನು ತೆಗೆದುಕೊಂಡು ಹೋಗಿ, ಜನರ ಕಣ್ಣೆದುರಿನಲ್ಲೇ ಬಂಡೆಗೆ ಮಾತಿನಿಂದ ಹೇಳಬೇಕೆಂದು ದೇವರ ಅಪ್ಪಣೆಯಾಯಿತು. ಮೋಶೆಯಾದರೋ ಜನರನ್ನು ದ್ರೋಹಿಗಳೆಂದು ಗದರಿಸಿ, ನೀರು ಕೊಡುವವರು ತಾವೇ ಎಂಬಂತೆ ನುಡಿದು, ಬಂಡೆಯನ್ನು ಎರಡು ಸಾರಿ ಹೊಡೆದನು. ಹಿಂದೆ ರೆಫೀದೀಮೆಂಬ ಸ್ಥಳದಲ್ಲಿ ಬಂಡೆಯಿಂದ ನೀರು ಬಂದಾಗ ಹೊಡೆಯುವುದಕ್ಕೇ ಅಪ್ಪಣೆಯಿತ್ತು, ಇಲ್ಲಿ ಇರಲಿಲ್ಲ. ಗುಣುಗುಟ್ಟಿದ ಜನರೂ ತಪ್ಪಿದರು, ಸಿಟ್ಟಿಗೆ ವಶನಾದ ನಾಯಕನೂ ತಪ್ಪಿದನು. ಆದರೂ ನೀರು ಪ್ರವಾಹವಾಗಿ ಹೊರಟಿತು.

ನಮ್ಮ ಮನೆಕೂಟದಲ್ಲಿ ಈ ಭಾಗವನ್ನು ಓದಿದಾಗ, ಹಸು ಸಾಕಿ ಡೈರಿಗೆ ಹಾಲು ಹಾಕುವ ಸಹೋದರಿಯೊಬ್ಬರು, "ಅಯ್ಯನವರೇ, ದನಗಳೂ ಕುಡಿದವು ಅಂತ ಬರೆದಿದೆಯಲ್ಲ, ಅವು ಯಾವ ಆಜ್ಞೆ ಮೀರಿದ್ದವು?" ಎಂದು ಕೇಳಿದರು. ಎಷ್ಟೋ ಪ್ರಸಂಗಗಳು ಕಾಣದೆ ದಾಟಿಹೋಗುವ ವಿವರವದು. ಮೋಶೆಯ ತಪ್ಪಿಗಾಗಿ ನೀರನ್ನು ತಡೆದಿದ್ದರೆ ಬಾಯಾರಿ ಸಾಯುತ್ತಿದ್ದವರಲ್ಲಿ ಮಕ್ಕಳೂ ಇರುತ್ತಿದ್ದರು, ಮೂಕ ಪ್ರಾಣಿಗಳೂ ಇರುತ್ತಿದ್ದವು.

ಹಾಗೆಂದು ದೇವರು ತಪ್ಪನ್ನು ಕಂಡೂ ಕಾಣದಂತೆ ಇದ್ದುಬಿಡಲಿಲ್ಲ. ಮರುವಚನದಲ್ಲೇ ಮೋಶೆಗೂ ಆರೋನನಿಗೂ ವಾಗ್ದತ್ತ ದೇಶದ ಪ್ರವೇಶ ಇಲ್ಲವೆಂಬ ತೀರ್ಪು ಬರುತ್ತದೆ. ನಲವತ್ತು ವರ್ಷಗಳ ಅಲೆದಾಟವೂ ಹೀಗೆಯೇ. ಅದು 14ನೆಯ ಅಧ್ಯಾಯದಲ್ಲಿ ಆ ದೇಶಕ್ಕೆ ಹೋಗಲೊಪ್ಪದ ಜನರ ಅವಿಧೇಯತೆಗೆ ವಿಧಿಸಿದ ಶಿಕ್ಷೆ. ಆ ಶಿಕ್ಷೆಯ ವರ್ಷಗಳಲ್ಲೇ ಆಕಾಶದಿಂದ ಬರುತ್ತಿದ್ದ ಆಹಾರವಾದ ಮನ್ನ ದೊರೆಯಿತು, ಉಟ್ಟ ಬಟ್ಟೆ ಜೀರ್ಣವಾಗಲಿಲ್ಲ, ಕಾಲು ಬಾತುಕೊಳ್ಳಲಿಲ್ಲ ಎಂದು ಧರ್ಮೋಪದೇಶಕಾಂಡ ನೆನಪಿಸುತ್ತದೆ. ಶಿಕ್ಷಿಸಿದ ಕೈಯೇ ಉಣಿಸುತ್ತಿತ್ತು. ಕೃಪೆಯಿದೆಯಲ್ಲ ಎಂದು ಪಾಪವನ್ನು ಹಗುರವಾಗಿ ಕಾಣುವ ಬೋಧನೆಯನ್ನು ನಾನು ಒಪ್ಪಲಾರದಿರುವುದು ಇದಕ್ಕಾಗಿಯೇ. ಮನುಷ್ಯರ ಅಪನಂಬಿಕೆಯಿಂದ ದೇವರ ನಂಬಿಗಸ್ತಿಕೆ ನಿರರ್ಥಕವಾಗದು ಎಂದು ರೋಮಾಪುರದವರಿಗೆ ಬರೆದ ಅಪೊಸ್ತಲ ಪೌಲನೇ, ಕೃಪೆ ಹೆಚ್ಚಲೆಂದು ಪಾಪದಲ್ಲಿ ಉಳಿಯಬೇಕೋ ಎಂದು ಅದೇ ಪತ್ರಿಕೆಯಲ್ಲಿ ಕೇಳಿ, ಎಂದಿಗೂ ಇಲ್ಲವೆಂದು ಉತ್ತರಿಸಿದನು.

ಅದೇ ಪೌಲನು ಕೊರಿಂಥದವರಿಗೆ ಬರೆಯುತ್ತಾ, ಆ ಬಂಡೆ ಕ್ರಿಸ್ತನೇ ಎನ್ನುತ್ತಾನೆ. ನಾವಿನ್ನೂ ಪಾಪಿಗಳಾಗಿದ್ದಾಗಲೇ ಕ್ರಿಸ್ತನು ನಮಗೋಸ್ಕರ ಪ್ರಾಣಕೊಟ್ಟನೆಂಬ ಸುವಾರ್ತೆಯನ್ನು ಮೆರೀಬದ ಜೊತೆ ಇಟ್ಟು ಓದಿದಾಗಲೆಲ್ಲ ನನ್ನ ಹೃದಯ ತುಂಬಿಬರುತ್ತದೆ: ಹೊಡೆತ ಬಿದ್ದ ಕಡೆಯಿಂದಲೇ ಹೊಡೆದವರಿಗೆ ಜೀವಜಲ ಬಂತು.

ಮೋಶೆಯ ಮೇಲಿನ ತೀರ್ಪು ಕೊನೆಯವರೆಗೂ ಬದಲಾಗಲಿಲ್ಲ. ಅವನು ಬೇಡಿಕೊಂಡರೂ ದೇವರು ಒಪ್ಪಲಿಲ್ಲ. ಆದರೆ ನೆಬೋ ಬೆಟ್ಟದ ಮೇಲೆ ಆ ದೇಶವನ್ನೆಲ್ಲ ಅವನಿಗೆ ತೋರಿಸಿದವನು ದೇವರೇ, ಅವನು ಸತ್ತಾಗ ಮೋವಾಬಿನ ಕಣಿವೆಯಲ್ಲಿ ಹೂಣಿಟ್ಟವನೂ ದೇವರೇ.