ಬೂಮರ್ ಅಂಕಲ್, ಮಾರ್ಜಿನಲ್ ಅಕ್ಕ
ಅಕ್ಕನ ಮಗ ನನ್ನನ್ನ 'ಬೂಮರ್ ಅಂಕಲ್' ಅಂದ. ಅದು ಮಹಾಯುದ್ಧ ಮುಗಿದ ಮೇಲೆ, 1946ರಿಂದ 1964ರೊಳಗೆ ಅಮೆರಿಕದಲ್ಲಿ ಹುಟ್ಟಿದವರ ಹೆಸರು ಮಾರಾಯ! ನಾನು ಎಂಬತ್ತೈದರವನು, ಲೆಕ್ಕಕ್ಕೆ ಮಿಲೇನಿಯಲ್, ಅಂದರೆ ಎಂಬತ್ತು-ತೊಂಬತ್ತರ ದಶಕದ ಪೀಳಿಗೆ. ಹೋಗಲಿ ಬಿಡಿ.

ನನಗೆ ನಿಜವಾಗಿ ಇರಿಸುಮುರಿಸು ಆಗೋದು ನಮ್ಮ ಜನಗಣತಿಯ ಇಂಗ್ಲಿಷಿನಿಂದ. ವರ್ಷದಲ್ಲಿ ಆರು ತಿಂಗಳು ಅಥವಾ ಹೆಚ್ಚು ದುಡಿದರೆ 'ಮೇನ್ ವರ್ಕರ್', ಕಡಿಮೆಯಾದರೆ 'ಮಾರ್ಜಿನಲ್ ವರ್ಕರ್', ಅಂಚಿನ ಕೆಲಸಗಾರ. ಅಂದರೆ ಕಾಫಿ ಕುಯ್ಲಿನ ಮೂರು ತಿಂಗಳು ಬೆಳಿಗ್ಗೆಯಿಂದ ಸಂಜೆ ತನಕ ಹಣ್ಣು ಕುಯ್ದು, ಚೀಲ ಹೊತ್ತು, ಆಮೇಲೆ ಬೇರೆ ಕೆಲಸ ಸಿಗದ ಅಕ್ಕಂದಿರೆಲ್ಲ ಮಾರ್ಜಿನಲ್! ಅವರು ಬರದಿದ್ದರೆ ಸೋಮವಾರಪೇಟೆ ಕಡೆಯ ಅರೇಬಿಕಾ ಗಿಡದಲ್ಲೇ ಒಣಗಿ ಉದುರುತ್ತೆ. ಆಗ ಅಂಚಿಗೆ ಬರೋರು ನಾವು ತೋಟದವರು.

ಜನಗಣತಿಯ ಪದಗಳಲ್ಲಿ 'ಹೌಸ್‌ಹೋಲ್ಡ್' ಮಾತ್ರ ನನಗೆ ಇಷ್ಟ. ಒಂದೇ ಅಡುಗೆಯಲ್ಲಿ ಉಣ್ಣೋರು ಒಂದು ಮನೆ, ರಕ್ತಸಂಬಂಧ ಕೇಳೋದಿಲ್ಲ. ತೋಟದ ಕೆಲಸಗಾರರ ಲೈನ್ ಮನೆಯಲ್ಲಿ ಬೇರೆ ಬೇರೆ ಊರಿಂದ ಬಂದು ಒಟ್ಟಿಗೆ ಬೇಯಿಸಿಕೊಳ್ಳೋರು ಒಂದೇ ಮನೆಯವರು. ಮಡಿಕೇರಿ, ಮೈಸೂರು, ಬೆಂಗಳೂರು ಅಂತ ಚದುರಿರೋ ಒಂದೇ ಒಕ್ಕದ (ಒಂದೇ ಮೂಲದ ಕುಟುಂಬದ) ಕೊಡವರು ಹತ್ತಾರು ಮನೆ. ಇದನ್ನ ಐನ್‌ಮನೆಯ, ಅಂದರೆ ಒಕ್ಕದ ಮೂಲಮನೆಯ, ಅಜ್ಜನಿಗೆ ವಿವರಿಸೋ ಧೈರ್ಯ ಇರೋರು ಮುಂದೆ ಬನ್ನಿ, ಕಾಫಿ ನನ್ನದು.